ಬಾಗಿಲ ಹಿಂದಿನ ಕಬ್ಬಿಣದ ಪೆಟ್ಟಿಗೆ

ಕೆಸರೆಯ ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರದ ಮುಂದೆ ಒಂದು ಮರದ ಮಣೆ ಇತ್ತು. ಊಟಕ್ಕೆ ಕೂರಲು ಬಳಸುತ್ತಿದ್ದ ಹಳೆಯ ಕಾಲದ ಮಣೆ. ಅಮ್ಮ ಅದರ ಮೇಲೆ ನಿಂತು, ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು ಯಂತ್ರದ ಮುಚ್ಚಳ ತೆಗೆಯುತ್ತಿದ್ದರು. ಕೇಳಿದರೆ, “ಮುಟ್ಟಿದ್ರೆ ಜುಮ್ಮಂತದೆ ಕಣೋ, ಮಳೆಗಾಲದಲ್ಲಿ ಸ್ವಲ್ಪ ಜಾಸ್ತಿ” ಎನ್ನುತ್ತಿದ್ದರು. ಹೇಳುವ ದನಿಯಲ್ಲಿ ದೂರು ಇರಲಿಲ್ಲ. ಮನೆಯ ಹಿತ್ತಿಲ ಬಾಗಿಲು ಮಳೆಗೆ ಉಬ್ಬುತ್ತದೆ, ನಲ್ಲಿಯೊಂದು ತೊಟ್ಟಿಕ್ಕುತ್ತದೆ, ಯಂತ್ರ ಜುಮ್ಮೆನ್ನುತ್ತದೆ. ಎಲ್ಲವೂ ಒಂದೇ ಪಟ್ಟಿಯಲ್ಲಿ ಸೇರಿಹೋಗಿದ್ದವು. ಮೂರು ವರ್ಷ ಹೀಗೇ ನಡೆಯಿತು. ಓದಿದವನೆನಿಸಿಕೊಂಡ ನಾನು ಆ ಮಣೆಯನ್ನು ಎಷ್ಟೋ ಸಲ ಕಾಲಿನಿಂದ ಬದಿಗೆ ಸರಿಸಿ ದಾಟಿಹೋಗಿದ್ದೇನೆ.

ಮನೆಯ ವಿದ್ಯುತ್ ಪೆಟ್ಟಿಗೆಯನ್ನು ಬದಲಾಯಿಸಬೇಕೇ ಬೇಡವೇ ಎಂಬ ಚರ್ಚೆ ಎದ್ದಾಗಲೂ ಅದಕ್ಕೆ ಕಾರಣ ಆ ಮಣೆಯಲ್ಲ. ಏಪ್ರಿಲ್ ತಿಂಗಳ ಸೆಕೆಗೆ ಎ.ಸಿ. ಕೊಳ್ಳುವ ಮಾತು ಬಂದಿತ್ತು. ಅಡುಗೆಮನೆಗೆ ಇಂಡಕ್ಷನ್ ಒಲೆ ಬಂದ ಮೇಲೆ ವಾರಕ್ಕೊಮ್ಮೆಯಾದರೂ ಫ್ಯೂಸು ಹೋಗುತ್ತಿತ್ತು. “ಲೋಡ್ ಸಾಲದು, ಬಾಕ್ಸ್ ಚೇಂಜ್ ಮಾಡಿಸಿಬಿಡಿ” ಎಂದು ಬಂದವರೆಲ್ಲ ಹೇಳತೊಡಗಿದರು. ಕೆಸರೆ, ರಾಜೀವನಗರ, ಸತ್ಯನಗರಗಳ ಸಾವಿರಾರು ಮನೆಗಳಲ್ಲಿ ಇಂದು ಇದೇ ಮಾತು ನಡೆಯುತ್ತಿರಬಹುದು. ಅದಕ್ಕೆಂದೇ ನಮ್ಮ ಮನೆಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುವ ಧೈರ್ಯ ಮಾಡುತ್ತಿದ್ದೇನೆ.

ಕೆಸರೆಯ ಹೆಸರು ಹೊರಗಿನವರ ಕಿವಿಗೆ ಬಿದ್ದದ್ದು 2024ರಲ್ಲಿ, ಮುಡಾ ನಿವೇಶನಗಳ ವಿವಾದದಲ್ಲಿ ಇಲ್ಲಿನ ಜಮೀನೊಂದರ ಸರ್ವೆ ನಂಬರು ರಾಜ್ಯದ ಬಾಯಲ್ಲೆಲ್ಲ ಓಡಾಡಿದಾಗ. ಇಲ್ಲಿ ಬದುಕುವವರಿಗೆ ಮಾತ್ರ ಇದು ಇಪ್ಪತ್ತು-ಮೂವತ್ತು, ಮೂವತ್ತು-ನಲವತ್ತರ ನಿವೇಶನಗಳಲ್ಲಿ ಮಹಡಿಯ ಮೇಲೆ ಮಹಡಿ ಏರುತ್ತಾ ಬಂದ ಊರು. ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು, ಅದರ ಮೇಲೆ ತಗಡಿನ ಒಂದು ಕೋಣೆ. ಮನೆ ಬೆಳೆಯುತ್ತದೆ, ಮಕ್ಕಳು ಬೆಳೆಯುತ್ತಾರೆ, ಬಾಗಿಲ ಹಿಂದಿನ ಮೀಟರ್ ಬೋರ್ಡು ಮಾತ್ರ ಗೃಹಪ್ರವೇಶದ ದಿನ ಹೇಗಿತ್ತೋ ಹಾಗೆಯೇ ಇರುತ್ತದೆ. ಅದರ ಮೇಲೆ ಕ್ಯಾಲೆಂಡರು ತೂಗುಹಾಕಿದರೆ ಅಲ್ಲಿ ಅಂಥದೊಂದು ವಸ್ತು ಇದೆಯೆಂಬುದೂ ಮರೆತುಹೋಗುತ್ತದೆ.

ನಮ್ಮ ಮನೆ ಕಟ್ಟಿದ್ದು 1988ರಲ್ಲಿ. ಮರದ ಹಲಗೆಯ ಮೇಲೆ ಮೀಟರು, ಪಕ್ಕದಲ್ಲಿ ಹಿಡಿ ಇರುವ ಕಬ್ಬಿಣದ ಮೈನ್ ಸ್ವಿಚ್ಚು, ಕೆಳಗೆ ಬಿಳಿ ಪಿಂಗಾಣಿಯ ಮೂರು ಫ್ಯೂಸು. ಆಗ ಮನೆಯಲ್ಲಿದ್ದದ್ದು ಐದು ಬಲ್ಬು, ಎರಡು ಟ್ಯೂಬ್‌ಲೈಟು, ಎರಡು ಫ್ಯಾನು, ಒಂದು ಇಸ್ತ್ರಿಪೆಟ್ಟಿಗೆ, ಒಂದು ರೇಡಿಯೊ. ಮಂಜೂರಾದ ಹೊರೆ 2 ಕಿಲೋವಾಟ್; ಅಷ್ಟೇ ಬೇಕಾದಷ್ಟಾಗಿತ್ತು. ಆಮೇಲೆ ಫ್ರಿಜ್ಜು ಬಂತು, ಮಿಕ್ಸಿ ಬಂತು, ಸಂಪಿನಿಂದ ನೀರೆತ್ತಲು ಮೋಟಾರು ಬಂತು, ಗೀಸರು, ಯುಪಿಎಸ್, ಒಗೆಯುವ ಯಂತ್ರ, ಕೊನೆಗೆ ಇಂಡಕ್ಷನ್ ಒಲೆ. ಒಂದೊಂದೂ ಬಂದಾಗ ಯಾರೋ ಒಬ್ಬರು ಬಂದು ಎಲ್ಲಿಂದಲೋ ಒಂದು ಎಳೆ ವೈರು ಎಳೆದು ಹೋದರು. 2001ರಲ್ಲಿ ಮೇಲಿನ ಮಹಡಿ ಕಟ್ಟಿದಾಗ ಅದಕ್ಕೆ ಬೇರೆ ಆರ್.ಆರ್. ನಂಬರು, ಬೇರೆ ಮೀಟರು ಬಂದವು. ಆದರೆ ಮೆಟ್ಟಿಲ ದೀಪ ಎರಡೂ ಮನೆಗೆ ಸೇರಿದ್ದು. ಆ ದೀಪದ ವಿಷಯಕ್ಕೆ ಮತ್ತೆ ಬರುತ್ತೇನೆ.

ವಿದ್ಯುತ್ತಿನ ವಿಷಯದಲ್ಲಿ ಮೈಸೂರಿನವರಿಗೆ ಸ್ವಲ್ಪ ಜಂಬವಿದೆ, ಅದಕ್ಕೆ ಕಾರಣವೂ ಇದೆ. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ, ನೂರನಲವತ್ತು ಕಿಲೋಮೀಟರಿಗೂ ಮೀರಿದ ತಂತಿಯ ಮೇಲೆ. ಬೆಂಗಳೂರಿಗೆ ಬೆಳಕು ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ದಸರಾ ಬಂತೆಂದರೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಗೇ ಹೊತ್ತಿಕೊಳ್ಳುವ ಕ್ಷಣಕ್ಕಾಗಿ ಊರೇ ಕತ್ತೆತ್ತಿ ನಿಲ್ಲುತ್ತದೆ. ಬೆಳಕನ್ನು ಇಷ್ಟು ಪ್ರೀತಿಸುವ ನಾವು, ಆ ಬೆಳಕು ಮನೆಯೊಳಗೆ ಕಾಲಿಡುವ ಜಾಗದಲ್ಲಿ ಜೇಡರಬಲೆ ಕಟ್ಟಲು ಬಿಟ್ಟಿದ್ದೇವೆ.

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗನಿಗೆ ಫೋನಿನಲ್ಲಿ ಈ ವಿಷಯ ತಿಳಿಯಿತು. ಅವನೂ ಆಗಷ್ಟೇ ಇದೇ ನಿರ್ಧಾರದಲ್ಲಿ ತೊಡಗಿದ್ದ. “ಮಾವ, ನಮ್ಮದು ನೂರು ಆಂಪ್ಸ್ ಇತ್ತು, ಇನ್ನೂರಕ್ಕೆ ಏರಿಸ್ತಿದೀವಿ” ಎಂದ. ಕಾರು ಚಾರ್ಜ್ ಮಾಡಬೇಕು, ಚಳಿಗಾಲದಲ್ಲಿ ಇಡೀ ಮನೆಯನ್ನು ವಿದ್ಯುತ್ತಿನಲ್ಲೇ ಬೆಚ್ಚಗಿಡಬೇಕು. ಅಲ್ಲಿನ ಲೆಕ್ಕವೇ ಬೇರೆ. ಕಾಗದ ತೆಗೆದು ಗುಣಿಸಿ ನೋಡಿದೆ. 240 ವೋಲ್ಟಿನಲ್ಲಿ 200 ಆಂಪಿಯರ್ ಎಂದರೆ 48 ಕಿಲೋವಾಟ್. ನಮ್ಮ ಬೀದಿಯ ಇಪ್ಪತ್ತು ಮನೆಗಳ ಮಂಜೂರಾದ ಹೊರೆಯನ್ನು ಒಟ್ಟುಗೂಡಿಸಿದರೂ ಅಷ್ಟಾಗುವುದು ಅನುಮಾನ. ಅವನ ಪ್ರಶ್ನೆಗೂ ನಮ್ಮ ಪ್ರಶ್ನೆಗೂ ಹೆಸರು ಒಂದೇ, ಅಷ್ಟೆ. ಆದರೂ ಆ ದೇಶದಿಂದ ನಾವು ಕಲಿಯಬೇಕಾದದ್ದು ಒಂದಿತ್ತು, ಅದು ಆಂಪಿಯರಿನ ದೊಡ್ಡ ಸಂಖ್ಯೆಯಲ್ಲ. ಅದನ್ನೂ ಹೇಳುತ್ತೇನೆ.

ನಾವು ಇಬ್ಬರು ಎಲೆಕ್ಟ್ರಿಷಿಯನ್‌ಗಳನ್ನು ಕರೆಸಿದೆವು. ಮೊದಲನೆಯವನು ಹುಡುಗ, ಚುರುಕು. ಬಾಗಿಲ ಹಿಂದೆ ಒಮ್ಮೆ ಇಣುಕಿ, ಹಳೆಯದನ್ನು ಕಿತ್ತು ಎಂಸಿಬಿ ಬಾಕ್ಸ್ ಕೂರಿಸಲು 14,000 ರೂಪಾಯಿ ಎಂದ. ಒಂದೇ ದಿನದ ಕೆಲಸ, ನೋಡಲು ಚಂದ, ಬಾಗಿಲು ತೆರೆದರೆ ಸಾಲಾಗಿ ಕರಿ ಗುಬುಟುಗಳು. ಎರಡನೆಯವರು ನಮ್ಮ ಬೀದಿಯವರೇ, ಅರವತ್ತು ದಾಟಿದವರು. ಅವರು ಬಾಕ್ಸಿನ ಕಡೆ ನೋಡಲೇ ಇಲ್ಲ. ಸ್ವಿಚ್‌ಬೋರ್ಡುಗಳ ತಿರುಪು ಬಿಚ್ಚಿ, ಟಾರ್ಚು ಬಿಟ್ಟು, ವೈರಿನ ತುದಿಯನ್ನು ಉಗುರಿನಿಂದ ಕೆರೆದು ನೋಡಿದರು. ಅಡುಗೆಮನೆಯ ಬೋರ್ಡಿನಲ್ಲಿ ಅಲ್ಯೂಮಿನಿಯಂ ವೈರಿಗೆ ತಾಮ್ರದ ವೈರು ಸುತ್ತಿ ಟೇಪು ಅಂಟಿಸಿದ್ದರು. ಟೇಪು ಸುಟ್ಟು ಕಪ್ಪಾಗಿತ್ತು. “ಬಾಕ್ಸು ಯಾರ್ ಬೇಕಾದ್ರೂ ಬದಲಾಯಿಸ್ತಾರೆ ಸಾರ್, ಗೋಡೆ ಒಳಗಿರೋದನ್ನ ಯಾರು ನೋಡ್ತಾರೆ?” ಎಂದರು. ಆಮೇಲೆ ಅಮ್ಮನ ಮಣೆಯನ್ನು ನೋಡಿ, ಅದು ಯಾಕೆ ಅಲ್ಲಿದೆ ಎಂದು ಕೇಳಿದರು. ಆ ಪ್ರಶ್ನೆಯನ್ನು ಆ ಮನೆಯಲ್ಲಿ ಮೊದಲ ಬಾರಿಗೆ ಕೇಳಿದವರು ಅವರು.

ಫ್ಯೂಸನ್ನು ಕಳಚಿ ನನ್ನ ಕೈಗೆ ಕೊಟ್ಟರು. ಅದರ ಹಲ್ಲುಗಳ ನಡುವೆ ಇರಬೇಕಾದದ್ದು ಕೂದಲಿನಂಥ ಒಂದು ಎಳೆ. ಇದ್ದದ್ದು ಏಳು ಎಳೆ, ಹಗ್ಗದಂತೆ ಹೊಸೆದದ್ದು. ಅದನ್ನು ಹೊಸೆದ ಕೈ ಯಾವುದೆಂದು ನನಗೆ ನೋಡಿದೊಡನೆ ತಿಳಿಯಿತು. ಕತ್ತಲಲ್ಲಿ ನಾನು ಟಾರ್ಚು ಹಿಡಿದು ನಿಲ್ಲುತ್ತಿದ್ದೆ, ಅಪ್ಪ ಹಳೆಯ ವೈರಿನಿಂದ ಎಳೆ ಬಿಡಿಸಿ ಸುತ್ತುತ್ತಿದ್ದರು. ಪದೇ ಪದೇ ಹೋಗದಿರಲಿ ಎಂದು ಎರಡೆಳೆ, ಆಮೇಲೆ ಮೂರೆಳೆ. ಬೀದಿಯ ಇತರರ ಮನೆಯಲ್ಲೂ ಫ್ಯೂಸು ಹೋದರೆ ಅಪ್ಪನನ್ನೇ ಕರೆಯುತ್ತಿದ್ದರು. ಮನೆಯ ಗಂಡಸರಿಗೆ ಗೊತ್ತಿರಬೇಕಾದ ವಿದ್ಯೆಗಳಲ್ಲಿ ಅದೂ ಒಂದಾಗಿತ್ತು. ಆ ವಿದ್ಯೆಯ ಅರ್ಥವೇನೆಂದು ಆ ದಿನ ತಿಳಿಯಿತು: ಸುಟ್ಟುಹೋಗುವುದೇ ಫ್ಯೂಸಿನ ಕೆಲಸ. ಅದು ಸುಡದಂತೆ ಮಾಡಿದರೆ ಗೋಡೆಯೊಳಗಿನ ವೈರು ಫ್ಯೂಸಿನ ಕೆಲಸಕ್ಕೆ ನಿಲ್ಲುತ್ತದೆ.

ಲೆಕ್ಕ ಸರಳವಾದದ್ದು. ನಮ್ಮಲ್ಲಿ ವಿದ್ಯುತ್ತಿನ ಒತ್ತಡ 230 ವೋಲ್ಟ್. ಉಪಕರಣದ ವಾಟಿನ ಸಂಖ್ಯೆಯನ್ನು 230ರಿಂದ ಭಾಗಿಸಿದರೆ ಅದು ಎಳೆಯುವ ಆಂಪಿಯರ್ ಸರಿಸುಮಾರಾಗಿ ಸಿಗುತ್ತದೆ. 3 ಕಿಲೋವಾಟಿನ ಗೀಸರು 13 ಆಂಪಿಯರ್, 2 ಕಿಲೋವಾಟಿನ ಇಂಡಕ್ಷನ್ ಒಲೆ ಸುಮಾರು 9, ಮಿಕ್ಸಿ 3, ನೀರಿನ ಮೋಟಾರು 4ರಿಂದ 5. ಬೆಳಿಗ್ಗೆ ಆರೂವರೆಗೆ ಒಬ್ಬರು ಸ್ನಾನಕ್ಕೆ ಹೋಗಿ, ಇನ್ನೊಬ್ಬರು ಚಟ್ನಿ ರುಬ್ಬುತ್ತಾ ಒಲೆಯ ಮೇಲೆ ಹಾಲಿಟ್ಟು, ಯಾರೋ ಮೋಟಾರು ಹಾಕಿದರೆ 30 ಆಂಪಿಯರ್ ಆಯಿತು. 2 ಕಿಲೋವಾಟ್ ಮಂಜೂರಾದ ಮನೆಗೆ ಲೆಕ್ಕದಲ್ಲಿರುವುದು 9 ಆಂಪಿಯರಿಗೂ ಕಡಿಮೆ. ಹಾಗೆಂದು ಎಲ್ಲವೂ ಹೊತ್ತಿ ಉರಿಯುವುದಿಲ್ಲ; ವೈರು ಸ್ವಲ್ಪ ಬಿಸಿಯಾಗುತ್ತದೆ, ತಣ್ಣಗಾಗುತ್ತದೆ, ಮತ್ತೆ ಬಿಸಿಯಾಗುತ್ತದೆ. ವಿದ್ಯುತ್ ಪ್ರವಾಹ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆಂಬುದು ಪ್ರೌಢಶಾಲೆಯ ಪಾಠ. ಜೋಡಣೆ ಸಡಿಲವಿದ್ದ ಕಡೆ ಆ ಬಿಸಿ ಒಂದೇ ಬಿಂದುವಿನಲ್ಲಿ ಕೂಡುತ್ತದೆ. ವರ್ಷಗಟ್ಟಲೆ ಹೀಗೆ ಬೆಂದ ವೈರಿನ ಹೊದಿಕೆ ಒಂದು ದಿನ ಹಪ್ಪಳದಂತೆ ಮುರಿಯುತ್ತದೆ. ಮಾರನೆಯ ದಿನದ ಪತ್ರಿಕೆಯಲ್ಲಿ ‘ಶಾರ್ಟ್ ಸರ್ಕ್ಯೂಟ್’ ಎಂಬ ಎರಡು ಪದ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಾವೆಲ್ಲ ಯೂನಿಟ್ಟಿನ ಲೆಕ್ಕದಲ್ಲಿ ನಿಪುಣರಾಗಿದ್ದೇವೆ. 200 ಯೂನಿಟ್ ಮಿತಿ, ಹಿಂದಿನ ಸರಾಸರಿ, ಅದರ ಮೇಲೆ ಶೇಕಡಾ ಹತ್ತು. ಹಾಲು ಹಾಕುವವನಿಂದ ಪ್ರೊಫೆಸರ್‌ವರೆಗೆ ಎಲ್ಲರಿಗೂ ಬಾಯಿಪಾಠ. ಆದರೆ ಯೂನಿಟ್ಟು ಹೇಳುವುದು ತಿಂಗಳಿಗೆ ಎಷ್ಟು ಕೊಡ ನೀರು ಖರ್ಚಾಯಿತೆಂಬುದನ್ನು. ಒಂದೇ ಹೊತ್ತಿನಲ್ಲಿ ಎಷ್ಟು ನಲ್ಲಿ ತೆರೆದಿದ್ದಿರಿ, ಕೊಳವೆ ಅದನ್ನು ತಡೆಯಿತೇ ಎಂಬುದನ್ನು ಹೇಳುವುದು ಆಂಪಿಯರು. ತಿಂಗಳಿಗೆ ಎಂಬತ್ತು ಯೂನಿಟ್ ಮಾತ್ರ ಬಳಸಿ ಸೊನ್ನೆ ಬಿಲ್ಲು ಪಡೆಯುವ ಮನೆಯಲ್ಲೂ ಬೆಳಗಿನ ಹತ್ತು ನಿಮಿಷ ವೈರಿನ ಮೇಲೆ ಮಿತಿಮೀರಿದ ಭಾರ ಬೀಳಬಹುದು.

ಬೆಂಕಿಯ ಭಯವನ್ನು ಉತ್ಪ್ರೇಕ್ಷೆ ಮಾಡುವುದು ನನ್ನ ಉದ್ದೇಶವಲ್ಲ, ಆದರೆ 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ವೈರುಗಳು ಹಾದುಹೋಗುವ ಕೊಳವೆಯಲ್ಲಿ ಎದ್ದ ಹೊಗೆ ಒಂಬತ್ತು ಜೀವಗಳನ್ನು ಬಲಿ ತೆಗೆದುಕೊಂಡದ್ದು ನೆನಪಿರಬಹುದು. ಅಂಥ ಘಟನೆಗಳು ಸುದ್ದಿಯಾಗುತ್ತವೆ. ಮನೆಯ ಒದ್ದೆ ನೆಲದಲ್ಲಿ, ಹೊಲದ ಪಂಪಿನ ಬಳಿ, ಬಟ್ಟೆ ಒಣಹಾಕುವ ತಂತಿಯಲ್ಲಿ ಒಬ್ಬೊಬ್ಬರಾಗಿ ಹೋಗುವವರು ಸುದ್ದಿಯಾಗುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2021ಕ್ಕೆ ಕೊಟ್ಟ ಲೆಕ್ಕದಲ್ಲಿ ದೇಶದಲ್ಲಿ ವಿದ್ಯುದಾಘಾತದಿಂದ ಸತ್ತವರು ಹನ್ನೆರಡು ಸಾವಿರಕ್ಕೂ ಹೆಚ್ಚು.

ಈಗ ಅಮ್ಮನ ಮಣೆಯ ವಿಷಯ. ಫ್ಯೂಸಾಗಲಿ ಎಂಸಿಬಿಯಾಗಲಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಇಷ್ಟು ಸಣ್ಣ ಮಾತು ನನಗೆ ಐವತ್ತನೇ ವಯಸ್ಸಿನವರೆಗೆ ತಿಳಿದಿರಲಿಲ್ಲ. 15 ಆಂಪಿಯರಿನ ಫ್ಯೂಸು ತನ್ನ ಮೂಲಕ 15 ಆಂಪಿಯರಿಗಿಂತ ಸಾಕಷ್ಟು ಹೆಚ್ಚು ಹರಿದರೆ ಮಾತ್ರ ಎಚ್ಚರವಾಗುತ್ತದೆ. ಒದ್ದೆ ಕೈಯ ಮನುಷ್ಯನ ಮೂಲಕ ನೆಲಕ್ಕೆ ಹರಿಯುವುದು ಹೆಚ್ಚೆಂದರೆ ಕಾಲು ಆಂಪಿಯರು. ಆತ ಸಾಯುತ್ತಿದ್ದರೂ ಫ್ಯೂಸಿನ ಪಾಲಿಗೆ ಅದು ಒಂದು ಬಲ್ಬು ಹೊತ್ತಿದಂತೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಚಾರ್ಲ್ಸ್ ಡಾಲ್ಝಿಯೆಲ್ ಎಂಬವರು ಕಳೆದ ಶತಮಾನದ ನಡುಭಾಗದಲ್ಲಿ ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ, ಎಷ್ಟು ಪ್ರವಾಹದವರೆಗೆ ಮನುಷ್ಯ ಹಿಡಿದ ತಂತಿಯನ್ನು ತಾನೇ ಬಿಡಬಲ್ಲ ಎಂದು ಅಳೆದರು. ಗಂಡಸರಲ್ಲಿ ಅದು ಸರಾಸರಿ 16 ಮಿಲಿ ಆಂಪಿಯರ್, ಹೆಂಗಸರಲ್ಲಿ ಹತ್ತೂವರೆಯಷ್ಟು. ಅದು ಮೀರಿದರೆ ಸ್ನಾಯುಗಳು ಬಿಗಿದು ಕೈ ಬಿಡಲಾಗುವುದಿಲ್ಲ. ಅದೇ ಡಾಲ್ಝಿಯೆಲ್ 1961ರಲ್ಲಿ ಒಂದು ಸಣ್ಣ ಸಾಧನ ರೂಪಿಸಿದರು. ಹೋದ ವಿದ್ಯುತ್ತೆಲ್ಲ ವಾಪಸು ಬಂತೇ ಎಂದು ಅದು ಪ್ರತಿ ಕ್ಷಣ ತಾಳೆ ನೋಡುತ್ತದೆ. ಸ್ವಲ್ಪವೇ ಕಡಿಮೆ ಬಂದರೂ, ಅಂದರೆ ಎಲ್ಲೋ ಯಾರದೋ ಮೈಯ ಮೂಲಕ ಸೋರುತ್ತಿದೆ ಎನಿಸಿದರೂ, ಸಂಪರ್ಕ ಕಡಿಯುತ್ತದೆ. ಅಮೆರಿಕದ ನಿಯಮಾವಳಿ 1970ರ ದಶಕದಲ್ಲೇ ಬಚ್ಚಲುಮನೆಗಳಿಗೆ ಅದನ್ನು ಕಡ್ಡಾಯ ಮಾಡಿತು.

ನಮ್ಮಲ್ಲಿ ಅದರ ಸೋದರನ ಹೆಸರು ಆರ್‌ಸಿಸಿಬಿ. ಮನೆಗಳಿಗೆ ಹಾಕುವಂಥದ್ದು 30 ಮಿಲಿ ಆಂಪಿಯರ್ ಸೋರಿದರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ವಿದ್ಯುತ್ತನ್ನು ನಿಲ್ಲಿಸುತ್ತದೆ. 15 ಆಂಪಿಯರ್ ಎಂದರೆ ಅದರ 500 ಪಟ್ಟು. ನಮ್ಮ ಫ್ಯೂಸಿನ ಕಣ್ಣು ಎಷ್ಟು ಮಂದವೆಂಬುದಕ್ಕೆ ಬೇರೆ ಅಳತೆ ಬೇಡ. ಆದರೂ ಮೊದಲನೆಯ ಎಲೆಕ್ಟ್ರಿಷಿಯನ್ ಕೊಟ್ಟ 14,000 ರೂಪಾಯಿಯ ಪಟ್ಟಿಯಲ್ಲಿ ಈ ಸಾಧನ ಇರಲಿಲ್ಲ. ಕೇಳಿದ್ದಕ್ಕೆ, “ಅದು ಸುಮ್ನೆ ಸುಮ್ನೆ ಟ್ರಿಪ್ ಆಗ್ತಿರುತ್ತೆ ಸರ್, ಕಸ್ಟಮರ್ಸ್ ಬೈತಾರೆ, ಅದಕ್ಕೆ ಹಾಕಲ್ಲ” ಎಂದ. ಅವನು ಸುಳ್ಳು ಹೇಳಲಿಲ್ಲ.

ಹಿರಿಯರು ಕೆಲಸ ಶುರುಮಾಡಿದ್ದು ಬಾಕ್ಸಿನಿಂದಲ್ಲ, ನೆಲದಿಂದ. ಅರ್ಥಿಂಗ್ ಗುಂಡಿ ಎಲ್ಲಿ ಎಂದರು. ಯಾರಿಗೂ ಗೊತ್ತಿರಲಿಲ್ಲ. ಮನೆ ಕಟ್ಟಿದಾಗ ಮುಂದಿನ ಮೂಲೆಯಲ್ಲಿ ಇದ್ದಿಲು, ಉಪ್ಪು ತುಂಬಿ ತಗಡು ಹೂತದ್ದು, ಬೇಸಿಗೆಯಲ್ಲಿ ಅದಕ್ಕೆ ಒಂದು ಕೊಡ ನೀರು ಹೊಯ್ಯುತ್ತಿದ್ದದ್ದು ಅಮ್ಮನಿಗೆ ನೆನಪಾಯಿತು. ಕಾರು ಕೊಂಡ ವರ್ಷ ಆ ಮೂಲೆಗೆ ಕಾಂಕ್ರೀಟು ಹಾಕಿ ಇಳಿಜಾರು ಮಾಡಿಸಿದ್ದೆವು. ತಂತಿ ಆಗಲೇ ತುಂಡಾಗಿತ್ತು. ಅಂದರೆ ನಮ್ಮ ಮನೆಯ ಪ್ರತಿಯೊಂದು ಮೂರು ತೂತಿನ ಸಾಕೆಟ್ಟಿನಲ್ಲಿ ಮೂರನೆಯ ತೂತು ಕೇವಲ ಅಲಂಕಾರ. ಅದರ ಹಿಂದಿನ ಹಸಿರು ವೈರು ಎಲ್ಲಿಗೂ ಹೋಗುತ್ತಿರಲಿಲ್ಲ. ಯಂತ್ರದಿಂದ ಸೋರಿದ ವಿದ್ಯುತ್ತಿಗೆ ನೆಲ ಸೇರಲು ಇದ್ದ ಒಂದೇ ದಾರಿ ಅಮ್ಮ. ಅವರು ಮಣೆ ಹಾಕಿಕೊಂಡು ಆ ದಾರಿಯನ್ನೂ ಮುಚ್ಚಿಕೊಂಡಿದ್ದರು. ನಮ್ಮ ಮನೆಯ ಅತ್ಯುತ್ತಮ ಸುರಕ್ಷತಾ ತಜ್ಞೆ ಆಕೆಯೇ ಎಂದು ಈಗ ಅನಿಸುತ್ತದೆ.

ಕೆಸರೆಯಲ್ಲಿ ಹೊಸ ಅರ್ಥಿಂಗ್ ಗುಂಡಿ ತೋಡುವುದು ಕಷ್ಟವಲ್ಲ. ನಗರದ ಉತ್ತರದ ನೀರೆಲ್ಲ ಹರಿದು ಬರುವ ತಗ್ಗು ಇದು, ಊರ ಹೆಸರಿನಲ್ಲೇ ಕೆಸರಿದೆ, ವಿದ್ಯುತ್ತಿಗೆ ಬೇಕಾದದ್ದೂ ಅಂಥ ತೇವದ ಮಣ್ಣೇ. ಕಷ್ಟವಾದದ್ದು ಆ ಮಣ್ಣನ್ನು ಮುಟ್ಟುವುದು. ಗೋಡೆಯಿಂದ ಗೋಡೆಗೆ ನಾವೆಲ್ಲ ಟೈಲ್ಸು, ಕಾಂಕ್ರೀಟು ಹಾಕಿಸಿದ್ದೇವೆ. ಕೊನೆಗೆ ತುಳಸಿಕಟ್ಟೆಯ ಪಕ್ಕ ಎರಡಡಿ ಚೌಕದ ಜಾಗ ಸಿಕ್ಕಿತು.

ಆಮೇಲೆ ಹೊಸ ಡಬ್ಬಿ ಕೂರಿಸಿ ಆರ್‌ಸಿಸಿಬಿ ಹಾಕಿದರು. ಹಾಕಿದ ಸಂಜೆಯೇ ಅದು ಟ್ರಿಪ್ ಆಯಿತು. ಮತ್ತೆ ಮೇಲೆತ್ತಿದರೆ ಅರ್ಧ ಗಂಟೆ ಇತ್ತು, ಮತ್ತೆ ಬಿತ್ತು. ಗೀಸರು ಹಾಕಿದೊಡನೆ ಬಿತ್ತು. ಅದು ಸ್ಪಷ್ಟವಾಗಿತ್ತು: ಗೀಸರಿನ ಕಾಯಿಲು ಒಳಗೇ ಬಿರಿದು ವಿದ್ಯುತ್ತು ನೀರಿಗೆ ಸೋರುತ್ತಿತ್ತು. ಎಷ್ಟು ತಿಂಗಳಿಂದ ನಾವು ಆ ನೀರಿನಲ್ಲಿ ಮೀಯುತ್ತಿದ್ದೆವೋ. ಗೀಸರು ತೆಗೆದ ಮೇಲೂ ಸಂಜೆಯ ಹೊತ್ತು ಬೀಳುವುದು ನಿಲ್ಲಲಿಲ್ಲ. ಮೂರು ದಿನ ಮನೆಯವರೆಲ್ಲ ಬೇಸತ್ತರು. “ಅದನ್ನ ಬೈಪಾಸ್ ಮಾಡಿಬಿಡಿ, ಸಾಕು” ಎಂದು ನಾನೇ ಹೇಳಿದೆ. ಹಿರಿಯರು ನನ್ನ ಮುಖ ನೋಡಿ, “ಜ್ವರ ಬಂದಿದೆ ಅಂತ ಥರ್ಮಾಮೀಟರ್ ಒಡೀತೀರಾ ಸಾರ್?” ಎಂದರು. ನಾಲ್ಕನೆಯ ಸಂಜೆ ಮೇಲಿನ ಮನೆಯ ಹುಡುಗ ಮೆಟ್ಟಿಲ ದೀಪ ಹಾಕಿದ, ನಮ್ಮ ಮನೆ ಕತ್ತಲಾಯಿತು. ಆರಿಸಿ ಮತ್ತೆ ಹಾಕಿಸಿದೆವು, ಮತ್ತೆ ಕತ್ತಲು.

2001ರಲ್ಲಿ ಮೆಟ್ಟಿಲ ದೀಪಕ್ಕೆ ವೈರು ಎಳೆದವರು ಫೇಸನ್ನು ನಮ್ಮ ಮೀಟರಿನಿಂದಲೂ ನ್ಯೂಟ್ರಲ್ಲನ್ನು ಮೇಲಿನ ಮನೆಯ ಮೀಟರಿನಿಂದಲೂ ತೆಗೆದುಕೊಂಡಿದ್ದರು, ಅರ್ಧ ವೈರು ಉಳಿಯಲೆಂದು. ಹಾಗಾಗಿ ನಮ್ಮಿಂದ ಹೋದ ವಿದ್ಯುತ್ತು ನಮ್ಮ ಮೂಲಕ ವಾಪಸು ಬರುತ್ತಿರಲಿಲ್ಲ. 9 ವಾಟಿನ ಎಲ್‌ಇಡಿ ಬಲ್ಬು ಎಳೆಯುವುದು ಸುಮಾರು 40 ಮಿಲಿ ಆಂಪಿಯರ್. ಆರ್‌ಸಿಸಿಬಿಗೆ ಅಷ್ಟು ಸಾಕು. ಇಪ್ಪತ್ತು ವರ್ಷಕ್ಕೂ ಮೀರಿ ಯಾರಿಗೂ ಕಾಣದೆ ಇದ್ದ ತಪ್ಪು. ಮೇಲಿನ ಮನೆಯ ಮೈನ್ ಆರಿಸಿ, ಎಲ್ಲವೂ ಆರಿದೆಯೆಂದು ನಂಬಿ ಯಾರಾದರೂ ಆ ನ್ಯೂಟ್ರಲ್ ವೈರನ್ನು ಬಿಚ್ಚಿ ಮುಟ್ಟಿದ್ದರೆ, ಉರಿಯುವ ದೀಪದ ಮೂಲಕ ನಮ್ಮ ಮನೆಯ ವಿದ್ಯುತ್ತು ಅವರನ್ನು ಹಿಡಿಯುತ್ತಿತ್ತು. ಎರಡೂವರೆ ಮೀಟರು ವೈರು ಹೊಸದಾಗಿ ಎಳೆದು ಸರಿಪಡಿಸಲು ಅವರಿಗೆ ತಗುಲಿದ್ದು ಇಪ್ಪತ್ತು ನಿಮಿಷ.

ಆರ್‌ಸಿಸಿಬಿ ‘ಸುಮ್ಮನೆ’ ಬೀಳುತ್ತದೆಂಬ ದೂರಿನ ಹಿಂದೆ ನಮ್ಮ ಹಳೆಯ ಮನೆಗಳಲ್ಲಿ ಬಹುಪಾಲು ಇಂಥದೇ ಏನೋ ಇರುತ್ತದೆ: ಹಂಚಿಕೊಂಡ ನ್ಯೂಟ್ರಲ್ಲು, ಅಡ್ಡಾದಿಡ್ಡಿ ಸೇರಿಸಿದ ಯುಪಿಎಸ್ ವೈರು, ತೇವ ಹಿಡಿದ ಬೋರ್ಡು. ಅದನ್ನು ಹುಡುಕಲು ತಾಳ್ಮೆ ಬೇಕು, ಹುಡುಕಿದ್ದಕ್ಕೆ ಕೂಲಿ ಕೇಳಿದರೆ ನಾವು ಕೊಡಲು ಹಿಂಜರಿಯುತ್ತೇವೆ. ಕಣ್ಣಿಗೆ ಕಾಣುವ ಡಬ್ಬಿಗೆ 14,000 ಕೊಡಲು ಸಿದ್ಧವಿರುವ ನಾವು ಕಾಣದ ತಪ್ಪನ್ನು ಹುಡುಕುವವನ ಒಂದು ದಿನಕ್ಕೆ ಚೌಕಾಸಿ ಮಾಡುತ್ತೇವೆ. ಹುಡುಗನೊಬ್ಬ ‘ಕಸ್ಟಮರ್ಸ್ ಬೈತಾರೆ’ ಎಂದು ಆ ಸಾಧನವನ್ನೇ ಕೈಬಿಟ್ಟರೆ ತಪ್ಪು ಅವನೊಬ್ಬನದಲ್ಲ.

ಕಾನೂನು ಇದರ ಬಗ್ಗೆ ಏನು ಹೇಳುತ್ತದೆ? ಭೂಸೋರಿಕೆಯಿಂದ ರಕ್ಷಿಸುವ ಸಾಧನ ಬೇಕೆಂಬ ನಿಯಮ ನಮ್ಮಲ್ಲಿ ಹೊಸದಲ್ಲ. ಆದರೆ ಬಹುಕಾಲ 5 ಕಿಲೋವಾಟಿಗಿಂತ ಕಡಿಮೆ ಹೊರೆಯ ಮನೆಗಳಿಗೆ ಅದರಿಂದ ವಿನಾಯಿತಿ ಇತ್ತು. ಅಂದರೆ ಮಧ್ಯಮವರ್ಗದ ಹೆಚ್ಚಿನ ಮನೆಗಳೂ ಬಡವರ ಎಲ್ಲ ಮನೆಗಳೂ ಹೊರಗೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಈಚಿನ ಸುರಕ್ಷತಾ ನಿಯಮಗಳಲ್ಲಿ ಆ ಮಿತಿ ಇಳಿದಿದೆ. ಹಾಗಿದ್ದರೂ ಹಳೆಯ ಮನೆಯ ಬಾಗಿಲು ತಟ್ಟಿ ಯಾರೂ ನೋಡುವುದಿಲ್ಲ. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಹೊಣೆ ಮೀಟರಿನವರೆಗೆ. ಅದರಿಂದ ಈಚೆಗೆ ಗೋಡೆಯೂ ನಮ್ಮದು, ವೈರೂ ನಮ್ಮದು, ಮೈಯೂ ನಮ್ಮದು.

ಹೊರೆ ಹೆಚ್ಚಿಸಿಕೊಳ್ಳುವ ವಿಷಯದಲ್ಲಿ ಜನರಿಗೆ ಅಳುಕಿದೆ. ಮಂಜೂರಾದ ಪ್ರತಿ ಕಿಲೋವಾಟಿಗೂ ತಿಂಗಳ ನಿಗದಿತ ಶುಲ್ಕವಿದೆ, ಹೆಚ್ಚುವರಿ ಠೇವಣಿ ಕಟ್ಟಬೇಕು, ಕಚೇರಿಗೆ ಅಲೆಯಬೇಕು. ಹಾಗಾಗಿ 2 ಕಿಲೋವಾಟ್ ಎಂದು ಬರೆಸಿ 5 ಕಿಲೋವಾಟ್ ಬಳಸುವುದು ಊರ ರೂಢಿ. ಅದರ ಫಲವಾಗಿ ಬೀದಿಯ ಟ್ರಾನ್ಸ್‌ಫಾರ್ಮರು ಕಾಗದದಲ್ಲಿ ಆರಾಮವಾಗಿದ್ದು ಕಂಬದ ಮೇಲೆ ಬೇಯುತ್ತಿರುತ್ತದೆ; ಸಂಜೆ ವೋಲ್ಟೇಜು ಇಳಿದರೆ ನಾವೇ ನಿಗಮವನ್ನು ಬೈಯುತ್ತೇವೆ. ಈಗಿನ ಮೀಟರುಗಳು ತಿಂಗಳಲ್ಲಿ ನಾವು ಒಮ್ಮೆಗೆ ಎಳೆದ ಗರಿಷ್ಠ ಬೇಡಿಕೆಯನ್ನೂ ದಾಖಲಿಸುತ್ತವೆ, ಗುಟ್ಟು ಬಹಳ ದಿನ ನಿಲ್ಲುವುದಿಲ್ಲ. ನಾವು 4 ಕಿಲೋವಾಟಿಗೆ ಅರ್ಜಿ ಹಾಕಿದೆವು. ಮೂರು ಫೇಸ್ ಬೇಡವೆಂದೆವು. ನಾಲ್ಕು ಜನರ ಮನೆಗೆ ಅದರ ಅಗತ್ಯವಿಲ್ಲ. ಮೇಲಾಗಿ ಮೂರು ಫೇಸಿನ ಮನೆಯಲ್ಲಿ ನ್ಯೂಟ್ರಲ್ ಒಂದು ಸಡಿಲವಾದರೆ 230ರ ಉಪಕರಣಗಳ ಮೇಲೆ 400ರ ಹತ್ತಿರದವರೆಗೂ ವೋಲ್ಟೇಜು ಬಿದ್ದು ಟಿ.ವಿ., ಫ್ರಿಜ್ಜು ಒಟ್ಟಿಗೆ ಸುಡುತ್ತವೆ. ಬೇಕಾದವರು ಹಾಕಿಸಿಕೊಳ್ಳಲಿ, ಆ ಒಂದು ತಿರುಪನ್ನು ಮಾತ್ರ ಮರೆಯದಿರಲಿ. ಚಾವಣಿಯ ಮೇಲೆ ಸೌರಫಲಕ ಹಾಕಿಸುವ ಯೋಚನೆಯಿರುವವರೂ, 2024ರಲ್ಲಿ ಬಂದ ಕೇಂದ್ರದ ಸಹಾಯಧನದ ಲೆಕ್ಕ ಹಾಕುವ ಮೊದಲು ಕೆಳಗಿನ ಡಬ್ಬಿಯನ್ನೂ ಅರ್ಥಿಂಗನ್ನೂ ನೋಡಿಸುವುದು ಲೇಸು.

ಎಲ್ಲವನ್ನೂ ಹೊಸದು ಮಾಡಬೇಕೇ? ನಾವು ಮಾಡಲಿಲ್ಲ. ಇಡೀ ಮನೆಗೆ ಹೊಸ ವೈರಿಂಗಿಗೆ 65,000 ರೂಪಾಯಿ ಆಗುತ್ತದೆಂದು ಹಿರಿಯರು ಪಟ್ಟಿ ಕೊಟ್ಟು, ತಾವೇ ಅದನ್ನು ಅರ್ಧಕ್ಕೆ ಹರಿದರು. ಅಡುಗೆಮನೆ, ಬಚ್ಚಲು, ಒಗೆಯುವ ಯಂತ್ರ ಮೂರಕ್ಕೆ ಡಬ್ಬಿಯಿಂದಲೇ ಬೇರೆ ಬೇರೆ ತಾಮ್ರದ ವೈರು. ಗೀಸರಿಗೆ ನಾಲ್ಕು ಚದರ ಮಿಲಿಮೀಟರು, ಉಳಿದವಕ್ಕೆ ಎರಡೂವರೆ. ಮಲಗುವ ಕೋಣೆಯ ಎರಡು ದೀಪ, ಒಂದು ಫ್ಯಾನಿನ ವೈರು ಹಳೆಯದಾದರೂ ಗಟ್ಟಿಯಾಗಿತ್ತು, ಅದನ್ನು ಬಿಟ್ಟರು. 3 ಕಿಲೋವಾಟಿನ ಗೀಸರಿನ ಜಾಗಕ್ಕೆ 2 ಕಿಲೋವಾಟಿನದು ಬಂತು. ಎ.ಸಿ. ಬರಲಿಲ್ಲ, ಅದಕ್ಕೆಂದು ಇಟ್ಟ ಹಣ ಗೋಡೆಯೊಳಗೆ ಹೋಯಿತು. ನೆಂಟರು ಬಂದರೆ ತೋರಿಸಲು ಏನೂ ಇಲ್ಲ.

ಸ್ವಂತ ಮನೆಯವರು ಇಷ್ಟಾದರೂ ಮಾಡಬಹುದು. ನನ್ನನ್ನು ಕಾಡುವುದು ಬಾಡಿಗೆಯ ಮಹಡಿಗಳು. ಒಂದೇ ಪ್ಲಗ್ಗಿನಿಂದ ಹೊಲಿಗೆ ಯಂತ್ರ, ಇಸ್ತ್ರಿಪೆಟ್ಟಿಗೆ ನಡೆಸುವ ಕುಟುಂಬಗಳಿವೆ. ಮೂರನೆಯ ಮಹಡಿಯಿಂದ ಎಕ್ಸ್‌ಟೆನ್ಷನ್ ವೈರು ಇಳಿಬಿಟ್ಟು ರಾತ್ರಿಯಿಡೀ ವಿದ್ಯುತ್ ಸ್ಕೂಟರ್ ಚಾರ್ಜ್ ಮಾಡುವ ಹುಡುಗರಿದ್ದಾರೆ. ಬಾಕ್ಸು ಬದಲಾಯಿಸುವ ಹಕ್ಕು ಅವರಿಗಿಲ್ಲ, ಬದಲಾಯಿಸುವ ಹಣ ಕೊಡಬೇಕಾದವರಿಗೆ ಅದರ ಅಪಾಯವಿಲ್ಲ. ಬಾಡಿಗೆ ಕರಾರಿನಲ್ಲಿ ಬಣ್ಣ ಬಳಿಸುವುದು ಯಾರ ಖರ್ಚು ಎಂದು ಬರೆಯುತ್ತೇವೆ, ಅರ್ಥಿಂಗ್ ಇದೆಯೇ ಎಂದು ಬರೆಯುವುದಿಲ್ಲ. ನಮ್ಮ ಮೇಲಿನ ಮನೆಗೂ ಆರ್‌ಸಿಸಿಬಿ ಹಾಕಿಸಿದೆವು. ಅದು ಔದಾರ್ಯವಲ್ಲ, ಮೆಟ್ಟಿಲ ದೀಪದ ಕಥೆಯ ನಂತರ ಹಾಕಿಸದೆ ಮಲಗಲಾಗುತ್ತಿರಲಿಲ್ಲ.

ಆರ್‌ಸಿಸಿಬಿಯ ಮೇಲೆ ‘ಟಿ’ ಎಂದು ಬರೆದ ಪುಟ್ಟ ಗುಂಡಿಯೊಂದಿದೆ. ಒತ್ತಿದರೆ ಅದು ತಾನೇ ಬೀಳಬೇಕು. ಬೀಳದಿದ್ದರೆ ಕೆಟ್ಟಿದೆಯೆಂದು ಅರ್ಥ. ಆಗಾಗ ಒತ್ತಿ ನೋಡುತ್ತಿರಬೇಕೆಂದು ಹಿರಿಯರು ಹೇಳಿ ಹೋದರು. ನಾನು ಮರೆಯುತ್ತೇನೆಂದು ಅಮ್ಮನಿಗೆ ಗೊತ್ತು. ಅವರು ಅದನ್ನು ಅಮಾವಾಸ್ಯೆಯ ಕೆಲಸಗಳಲ್ಲಿ ಸೇರಿಸಿಕೊಂಡಿದ್ದಾರೆ. ಅಂದು ಬೆಳಿಗ್ಗೆ ತುಳಸಿಕಟ್ಟೆಯ ಪಕ್ಕದ ಗುಂಡಿಗೆ ಒಂದು ತಂಬಿಗೆ ನೀರು ಹೊಯ್ದು, ಒಳಗೆ ಬಂದು ಬಾಗಿಲ ಹಿಂದೆ ಕೈ ಹಾಕಿ ಗುಂಡಿ ಒತ್ತುತ್ತಾರೆ. ಟಪ್ಪೆಂದು ಮನೆಯೆಲ್ಲ ನಿಶ್ಶಬ್ದವಾಗುತ್ತದೆ, ಫ್ಯಾನು ನಿಧಾನವಾಗಿ ನಿಲ್ಲುತ್ತದೆ. ಮತ್ತೆ ಮೇಲೆತ್ತಿ ಬಟ್ಟೆ ಒಗೆಯಲು ಹೋಗುತ್ತಾರೆ. ಯಂತ್ರ ಈಗ ಜುಮ್ಮೆನ್ನುವುದಿಲ್ಲ. ಮಣೆಯನ್ನು ಮಾತ್ರ ತೆಗೆಯಲು ಬಿಟ್ಟಿಲ್ಲ. ನಿಂತು ಅಭ್ಯಾಸವಾಗಿದೆ, ಎತ್ತರ ಸರಿಹೋಗುತ್ತದೆ ಎನ್ನುತ್ತಾರೆ.